ಕುಲುಮೆಯ ಒಳಗೋಡೆ

ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದೆಂದು ಭಾರತ ಉಕ್ಕು ಪ್ರಾಧಿಕಾರದ ಆಡಳಿತ ಮಂಡಲಿಯು 2023ನೆಯ ಇಸವಿ ಜನವರಿಯಲ್ಲಿ ತೀರ್ಮಾನಿಸಿದುದೂ, ಕಾರ್ಮಿಕರ ಚಳವಳಿಯ ತರುವಾಯ ಅದೇ ವರ್ಷದ ಆಗಸ್ಟಿನಲ್ಲಿ ಉಕ್ಕನ್ನು ಸರಳುಗಳಾಗಿ ಎಳೆಯುವ ವಿಭಾಗವು ಮರಳಿ ನಡೆಯತೊಡಗಿದುದೂ, 2024ನೆಯ ಜೂನ್ ತಿಂಗಳಲ್ಲಿ ಕೇಂದ್ರದ ಉಕ್ಕು ಸಚಿವ ಸ್ಥಾನವನ್ನು ಆಗತಾನೆ ವಹಿಸಿಕೊಂಡಿದ್ದ ಶ್ರೀ ಹೆಚ್. ಡಿ. ಕುಮಾರಸ್ವಾಮಿಯವರು ಅಲ್ಲಿಗೆ ಬಂದು ಪುನರುಜ್ಜೀವನದ ಮಾತನ್ನಾಡಿದುದೂ ನಮ್ಮ ವಾಚಕರಿಗೆ ತಿಳಿದ ಸಂಗತಿಗಳೇ ಆಗಿವೆ. ಅಂದಿನಿಂದ ಈ ವಿಷಯವಾಗಿ ನಡೆದಿರುವ ಚರ್ಚೆಯಲ್ಲಿ ಅದಿರಿನ ಮಾತು ಬಂದಿದೆ, ಬಂಡವಾಳದ ಮಾತು ಬಂದಿದೆ, ನಷ್ಟದ ಲೆಕ್ಕವೂ ಬಂದಿದೆ. ಆದರೆ ಈ ಎಲ್ಲವುಗಳಿಗಿಂತ ಬೆಂಕಿಗೆ ಹತ್ತಿರವಾಗಿರುವ ಒಂದು ವಸ್ತುವಿನ ಮಾತನ್ನು ಯಾರೂ ಎತ್ತಿದಂತೆ ಕಾಣಲಿಲ್ಲ. ಅದು ಕುಲುಮೆಯ ಒಳಗೋಡೆ. ಕುಲುಮೆಯನ್ನು ಹೊತ್ತಿಸುವುದು, ಆರಿಸುವುದು, ಮತ್ತೆ ಹೊತ್ತಿಸುವುದು ಎಂಬುದನ್ನು ದೀಪದ ಗುಂಡಿಯನ್ನೊತ್ತಿದಷ್ಟು ಸುಲಭವೆಂದು ತಿಳಿದು ಆಡುವ ಮಾತುಗಳನ್ನು ಕೇಳಿದಾಗ, ಈ ಒಳಗೋಡೆಯ ವಿಚಾರವನ್ನು ಮಹಾಜನಗಳ ಮುಂದಿಡುವುದು ಪತ್ರಿಕೆಯ ಕರ್ತವ್ಯವೆಂದು ನಮಗೆ ತೋರುತ್ತದೆ.

ವರದೆಯ ಮೂಲದ ಈ ಸೀಮೆಯವರಿಗೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಿವಾಸಿಗಳಿಗೆ, ಭದ್ರಾವತಿಯ ಇಟ್ಟಿಗೆಯ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಅದಕ್ಕೆ ಉತ್ತರವು ಸುಲಭವಾಗಿದೆ. 1918ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದವರು ಸ್ಥಾಪಿಸಿ, 1923ರಲ್ಲಿ ಕುಲುಮೆ ಹೊತ್ತಿಸಿದ ಆ ಕಾರ್ಖಾನೆಯು ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮರದ ಇದ್ದಲಿನಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ. ಆ ಇದ್ದಲು ಮಲೆನಾಡಿನ ಕಾಡು. ಮುಂದೆ 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿದ ಮೇಲೆ, 1952ರಲ್ಲಿ ನಾರ್ವೆ ದೇಶದ ವಿನ್ಯಾಸದ ವಿದ್ಯುತ್ ಕುಲುಮೆಗಳು ಭದ್ರಾವತಿಯಲ್ಲಿ ನಿಂತವು. ಆ ವಿದ್ಯುತ್ತು ಶರಾವತಿಯ ನೀರು. ಹಿರೇಭಾಸ್ಕರದ ಅಣೆಕಟ್ಟಿಗೂ, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿಗೂ ನಮ್ಮ ತಾಲ್ಲೂಕುಗಳ ಗದ್ದೆ, ತೋಟ, ಮನೆ, ದೇವಸ್ಥಾನಗಳು ಮುಳುಗಿದುದನ್ನು ಇಲ್ಲಿಯ ಮನೆಮನೆಯೂ ಬಲ್ಲುದು. ನಾಡಿನ ಕೈಗಾರಿಕೆ ಬೆಳೆಯಲೆಂದು ಕಾಡನ್ನೂ ನೆಲವನ್ನೂ ಕೊಟ್ಟ ಜನರು, ಆ ಕೈಗಾರಿಕೆಯು ಹೇಗೆ ಕಾಪಾಡಲ್ಪಡುತ್ತಿದೆಯೆಂದು ಕೇಳುವುದು ಅಧಿಕಪ್ರಸಂಗವಾಗಲಾರದು.

ಒಳಗೋಡೆಯೆಂದರೇನು? ಕಬ್ಬಿಣವು 1538 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಉಕ್ಕನ್ನು ಕುಲುಮೆಯಿಂದ ಹೊರಗೆ ಸುರಿಯುವಾಗ ಅದರ ಶಾಖವು 1600 ಡಿಗ್ರಿಯನ್ನು ಮೀರಿರುತ್ತದೆ. ಆ ಕುಲುಮೆಯ ಹೊರಕವಚವೋ ಅದೇ ಉಕ್ಕಿನಿಂದ ಮಾಡಿದ್ದು. ಬೆಣ್ಣೆಯ ಬಾಣಲೆಯಲ್ಲಿ ತುಪ್ಪವನ್ನು ಕಾಸಿದಂತಹ ಈ ವಿಚಿತ್ರವು ಸಾಧ್ಯವಾಗಿರುವುದು ಕವಚಕ್ಕೂ ಕರಗಿದ ಲೋಹಕ್ಕೂ ನಡುವೆ ನಿಂತಿರುವ ಕೆಲವು ಅಡಿ ದಪ್ಪದ ಇಟ್ಟಿಗೆಯ ಗೋಡೆಯಿಂದ. ಅಕ್ಕಸಾಲಿಗನ ಮೂಸೆಯನ್ನೂ, ಆಲೆಮನೆಯ ಒಲೆಗೆ ಹುತ್ತದ ಮಣ್ಣನ್ನು ಹುಡುಕಿ ತಂದು ಮೆತ್ತುವುದನ್ನೂ ಕಂಡವರಿಗೆ ಈ ತತ್ತ್ವವು ಹೊಸದಲ್ಲ. ಎಲ್ಲ ಮಣ್ಣೂ ಎಲ್ಲ ಬೆಂಕಿಯನ್ನೂ ತಾಳುವುದಿಲ್ಲ. ಯಾವ ಬೆಂಕಿಗೆ ಯಾವ ಮಣ್ಣೆಂಬುದನ್ನು ತಿಳಿಯುವುದೇ ಈ ಶಾಸ್ತ್ರದ ಸಾರ. ಜೇಡಿಯಿಂದ ಮಾಡಿದ ಬೆಂಕಿಯಿಟ್ಟಿಗೆ, ಬೆಣಚುಕಲ್ಲಿನ ಸಿಲಿಕಾ ಇಟ್ಟಿಗೆ, ಅಲ್ಯುಮಿನಾ ಹೆಚ್ಚಾಗಿರುವ ಇಟ್ಟಿಗೆ, ಮ್ಯಾಗ್ನಸೈಟಿನ ಇಟ್ಟಿಗೆ, ಡೋಲೊಮೈಟಿನ ಇಟ್ಟಿಗೆ, ಕ್ರೋಮೈಟಿನ ಇಟ್ಟಿಗೆ, ಇಂಗಾಲದ ದಿಮ್ಮಿ ಎಂದು ಹಲವು ಬಗೆಗಳಿದ್ದು, ಒಂದೊಂದಕ್ಕೂ ಒಂದೊಂದು ಸ್ಥಾನವಿದೆ. ಲೋಕದಲ್ಲಿ ತಯಾರಾಗುವ ಅಗ್ನಿಸಹ ಸಾಮಗ್ರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಉಕ್ಕಿನ ಉದ್ಯಮವೊಂದೇ ನುಂಗುತ್ತಿದೆ.

ಒಳಗೋಡೆಯು ಬೆಂಕಿಯನ್ನು ತಡೆದು ಸುಮ್ಮನಿರುವ ವಸ್ತುವೆಂದು ತಿಳಿಯುವುದು ತಪ್ಪು. ಉಕ್ಕಿನ ಗುಣವನ್ನು ನಿರ್ಣಯಿಸುವುದರಲ್ಲಿಯೂ ಅದಕ್ಕೆ ಪಾಲುಂಟು. ಇಂಗ್ಲೆಂಡಿನಲ್ಲಿ ಹೆನ್ರಿ ಬೆಸೆಮರನು 1856ರಲ್ಲಿ ಕರಗಿದ ಬೀಡುಕಬ್ಬಿಣದೊಳಕ್ಕೆ ಗಾಳಿಯನ್ನೂದಿ ಉಕ್ಕು ಮಾಡುವ ವಿಧಾನವನ್ನು ಪ್ರಕಟಿಸಿದಾಗ, ಅದನ್ನು ಅನುಸರಿಸಿದ ಅನೇಕರ ಉಕ್ಕು ಒಡೆದು ಪುಡಿಯಾಯಿತು. ಅವರ ಅದಿರಿನಲ್ಲಿ ರಂಜಕವಿತ್ತು. ಬೆಸೆಮರನ ಕುಲುಮೆಯ ಒಳಗೋಡೆಯು ಆಮ್ಲಗುಣದ ಸಿಲಿಕಾ ಕಲ್ಲಿನದಾಗಿತ್ತು. ರಂಜಕವನ್ನು ಹೀರಿ ತೆಗೆಯಬಲ್ಲದ್ದು ಸುಣ್ಣ; ಆದರೆ ಸುಣ್ಣವನ್ನು ಹಾಕಿದರೆ ಅದು ಮೊದಲು ಆ ಗೋಡೆಯನ್ನೇ ತಿನ್ನುತ್ತಿತ್ತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಗೆಹರಿಯದಿದ್ದ ಈ ಗಂಟನ್ನು ಬಿಡಿಸಿದವನು ಲಂಡನ್ನಿನ ಪೊಲೀಸ್ ನ್ಯಾಯಾಲಯದ ಒಬ್ಬ ಗುಮಾಸ್ತೆ. ಸಿಡ್ನಿ ಗಿಲ್ಕ್ರಿಸ್ಟ್ ಥಾಮಸ್ ಎಂಬ ಆ ತರುಣನು ಹಗಲು ಕಚೇರಿಯಲ್ಲಿ ದುಡಿದು, ಸಂಜೆ ರಸಾಯನಶಾಸ್ತ್ರವನ್ನೋದಿ, ವೇಲ್ಸಿನ ಕಬ್ಬಿಣದ ಕಾರ್ಖಾನೆಯಲ್ಲಿ ರಸಾಯನಜ್ಞನಾಗಿದ್ದ ತನ್ನ ಸೋದರಸಂಬಂಧಿ ಪರ್ಸಿ ಗಿಲ್ಕ್ರಿಸ್ಟನ ನೆರವಿನಿಂದ ಸುಣ್ಣದ ಗುಣವುಳ್ಳ ಡೋಲೊಮೈಟಿನ ಒಳಗೋಡೆಯನ್ನು ರೂಪಿಸಿದನು. 1879ರಲ್ಲಿ ಮಿಡಲ್ಸ್‌ಬರೋದಲ್ಲಿ ಅದು ಎಲ್ಲರೆದುರು ಯಶಸ್ವಿಯಾಯಿತು. ಗೋಡೆಯ ಇಟ್ಟಿಗೆಯೊಂದು ಬದಲಾದುದರಿಂದ, ಕೆಲಸಕ್ಕೆ ಬಾರದೆಂದು ಬಿಟ್ಟಿದ್ದ ಯೂರೋಪಿನ ರಂಜಕಭರಿತ ಅದಿರಿನ ಬೆಟ್ಟಗಳು ಸಂಪತ್ತಾದವು. ಕುಲುಮೆಯಿಂದ ತೆಗೆದ ಕಿಟ್ಟವು ಹೊಲಗಳಿಗೆ ಗೊಬ್ಬರವಾಯಿತು. ಮುವ್ವತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ಗುಮಾಸ್ತೆಯ ಹೆಸರನ್ನು ಉಕ್ಕು ಮಾಡುವವರು ಇಂದಿಗೂ ಮರೆತಿಲ್ಲ. ನಮ್ಮ ಕಚೇರಿಗಳಲ್ಲಿ ದುಡಿಯುತ್ತಿರುವ ತರುಣರೂ ಆ ಹೆಸರನ್ನು ನೆನಪಿನಲ್ಲಿಡಬಹುದು.

ಇನ್ನು ಬಾಳಿಕೆಯ ವಿಚಾರ. ಒಳಗೋಡೆಗೆ ಶತ್ರುಗಳು ನಾಲ್ವರು. ಮೊದಲನೆಯವನು ಶಾಖ, ಎರಡನೆಯವನು ಇಟ್ಟಿಗೆಯನ್ನು ಕರಗಿಸಿ ತಿನ್ನುವ ಕಿಟ್ಟ, ಮೂರನೆಯವನು ಗಾಳಿಯ, ಲೋಹದ, ಎಸೆದ ಗುಜರಿಯ ಹೊಡೆತ, ನಾಲ್ಕನೆಯವನು ಒಮ್ಮೆ ಬಿಸಿ, ಒಮ್ಮೆ ತಣುಪು ಎಂಬ ಏರಿಳಿತ. ಮೊದಲ ಮೂವರನ್ನು ಎಂಜಿನಿಯರರು ಬಲ್ಲರು. ಅವರೊಡನೆ ಹೋರಾಡುವುದೇ ಅವರ ದಿನನಿತ್ಯದ ಕೆಲಸ. ನಾಲ್ಕನೆಯವನನ್ನು ಮಾತ್ರ ಕಾರ್ಖಾನೆಯೊಳಕ್ಕೆ ಕರೆದುಕೊಂಡು ಬರುವವರು ಬಹುಮಟ್ಟಿಗೆ ಹೊರಗಿನವರು, ಎಂದರೆ ದೂರದ ಊರಿನಲ್ಲಿ ಕುಳಿತು ನಿಲ್ಲಿಸಿರೆಂದೂ ನಡೆಸಿರೆಂದೂ ಆಜ್ಞೆ ಮಾಡುವವರು.

ಸಿಲಿಕಾ ಇಟ್ಟಿಗೆಯ ಉದಾಹರಣೆಯನ್ನೇ ನೋಡಿರಿ. ಉರಿಯುತ್ತಿರುವಷ್ಟು ಕಾಲ ಅದರಷ್ಟು ಗಟ್ಟಿಯಾಗಿ ಭಾರ ಹೊರುವ ಇಟ್ಟಿಗೆಗಳು ವಿರಳ. ಆದರೆ ಅದು ಆರುನೂರು ಡಿಗ್ರಿಯ ಕೆಳಕ್ಕೆ ತಣಿಯುವಾಗ, ವಿಶೇಷವಾಗಿ ಮುನ್ನೂರರಿಂದ ಇನ್ನೂರು ಡಿಗ್ರಿಯ ನಡುವೆ, ಅದರ ಹರಳುಗಳ ಸ್ವರೂಪವೇ ಬದಲಾಗಿ ಇಟ್ಟಿಗೆಯು ಒಮ್ಮೆಲೆ ಕುಗ್ಗುತ್ತದೆ. ಅವಸರದಿಂದ ಆರಿಸಿದರೆ ಬಿರುಕು ತಪ್ಪಿದ್ದಲ್ಲ. ಆದಕಾರಣವೇ ಸಿಲಿಕಾ ಇಟ್ಟಿಗೆಯಿಂದ ಕಟ್ಟಿದ ಕೋಕ್ ಒಲೆಗಳನ್ನು ಒಮ್ಮೆ ಹೊತ್ತಿಸಿದರೆ ಹತ್ತಾರು ವರ್ಷಗಳ ಕಾಲ ಆರಲು ಬಿಡುವುದಿಲ್ಲ. ಮ್ಯಾಗ್ನಸೈಟ್ ಮತ್ತು ಡೋಲೊಮೈಟುಗಳ ಕಥೆ ಬೇರೆ. ಕಪ್ಪೆಚಿಪ್ಪನ್ನು ಸುಟ್ಟು ನೀರು ಚಿಮುಕಿಸಿದಾಗ ಅದು ಬುಸುಗುಟ್ಟಿ ಅರಳಿ ಹುಡಿಯಾಗುವುದನ್ನು ನಮ್ಮ ತೋಟಿಗರೆಲ್ಲರೂ ಬಲ್ಲರು. ಡೋಲೊಮೈಟಿನ ಇಟ್ಟಿಗೆಯೊಳಗಿರುವುದೂ ಅಂತಹ ಸುಟ್ಟ ಸುಣ್ಣವೇ. ಕುಲುಮೆ ಕೆಂಪಗಿರುವ ತನಕ ಅದು ವಜ್ರದಂತಿರುತ್ತದೆ. ಕುಲುಮೆ ತಣ್ಣಗಾಗಿ ಮಳೆಗಾಲದ ತೇವಗಾಳಿ ಸೋಕಿತೆಂದರೆ ಅರಳಿ ಉದುರತೊಡಗುತ್ತದೆ. ಉಗ್ರಾಣದಲ್ಲಿಟ್ಟ ಹೊಸ ಇಟ್ಟಿಗೆಗೂ ಇದೇ ಗತಿ. ಊದುಕುಲುಮೆಯ ತಳದಲ್ಲಿ ಕಬ್ಬಿಣವು ಉಳಿದು ಹೆಪ್ಪುಗಟ್ಟಿದರೆ, ಅದನ್ನು ಒಡೆದು ತೆಗೆಯುವುದೇ ಒಂದು ಪ್ರತ್ಯೇಕ ಸಾಹಸ. ಮರಳಿ ಹೊತ್ತಿಸುವಾಗಲೂ ಹೊಸ ಗೋಡೆಯನ್ನು ದಿನಗಟ್ಟಲೆ ಮೆಲ್ಲಮೆಲ್ಲನೆ ಕಾಯಿಸಿ ತೇವವನ್ನೆಲ್ಲ ಹೊರಡಿಸದಿದ್ದರೆ, ಒಳಗಿನ ಹಬೆಯೇ ಅದನ್ನು ಸಿಡಿಸಿಬಿಡುವುದು.

ಆದುದರಿಂದ ಕುಲುಮೆಗೆ ವಿಶ್ರಾಂತಿಯೆಂಬುದಿಲ್ಲ. ನಿಂತ ಎತ್ತು ದಣಿವಾರಿಸಿಕೊಳ್ಳುತ್ತದೆ. ನಿಂತ ಕುಲುಮೆ ಸವೆಯುತ್ತದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭದ್ರಾವತಿಯ ಊದುಕುಲುಮೆಯು ಉರಿದುದಕ್ಕಿಂತ ತಣ್ಣಗಿದ್ದುದೇ ಹೆಚ್ಚು. ಇದಕ್ಕೆ ಸ್ವಂತ ಅದಿರಿನ ಗಣಿಯಿಲ್ಲವೆಂಬುದು ಮುಖ್ಯ ಕಾರಣವೆಂದು ಹೇಳುತ್ತ ಬಂದಿದ್ದಾರೆ. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಆ ಕೊರತೆ ಇರುವುದು ನಿಜವೇ. ಆದರೆ ಅದಿರಿಲ್ಲದ ದಿನಗಳ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವವರು, ಆ ದಿನಗಳಲ್ಲಿ ಕತ್ತಲೆಯೊಳಗೆ ಸದ್ದಿಲ್ಲದೆ ಬಿರಿಯುವ ಇಟ್ಟಿಗೆಯ ನಷ್ಟವನ್ನು ಯಾವ ಅಂಕಣದಲ್ಲಿ ಬರೆದಿದ್ದಾರೆ? ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆಯು ಕುಲುಮೆಗೆ ಒಪ್ಪುವಷ್ಟು ಚೆನ್ನಾಗಿ ಇನ್ನಾವುದಕ್ಕೂ ಒಪ್ಪಲಾರದು. ಬಣ್ಣ ಬಳಿದ ಉಕ್ಕಿನ ಕವಚವನ್ನು ಕಂಡು ಕುಲುಮೆ ಸಿದ್ಧವಾಗಿದೆಯೆಂದು ನಂಬಿ ಹೊತ್ತಿಸಿ, ಗೋಡೆ ತೂತಾಗಿ ಕರಗಿದ ಲೋಹವು ಹೊರಕ್ಕೆ ನುಗ್ಗಿ ನೆಲದ ನೀರಿಗೆ ತಗುಲಿದರೆ, ಆಗುವ ಆಸ್ಫೋಟದಲ್ಲಿ ಬಲಿಯಾಗುವವರು ಆಜ್ಞೆ ಮಾಡಿದವರಲ್ಲ, ಕುಲುಮೆಯ ಬಳಿ ನಿಂತು ದುಡಿಯುವ ಬಡವರು.

ಬಾಳಿಕೆಯನ್ನು ಹೆಚ್ಚಿಸುವುದು ಸಾಧ್ಯವೇ ಎಂದರೆ, ಲೋಕವು ಅದನ್ನು ಮಾಡಿ ತೋರಿಸಿದೆ. ಆಸ್ಟ್ರಿಯಾ ದೇಶದ ಲಿಂಟ್ಸ್ ನಗರದಲ್ಲಿ 1952ರಲ್ಲಿ ಆಮ್ಲಜನಕವನ್ನೂದಿ ಉಕ್ಕು ಮಾಡುವ ಎಲ್.ಡಿ. ವಿಧಾನವು ಆರಂಭವಾದ ಕಾಲದಲ್ಲಿ, ಒಂದು ಒಳಗೋಡೆಯು ಕೆಲವು ನೂರು ಬಾರಿ ಉಕ್ಕು ಮಾಡುವಷ್ಟರಲ್ಲಿ ಸವೆದು ಹೋಗುತ್ತಿತ್ತು. ಇದೇ ವಿಧಾನವು 1960ರ ದಶಕದಲ್ಲಿ ಭದ್ರಾವತಿಗೂ ಬಂದಿತು. ಮುಂದೆ 1970ರ ದಶಕದಲ್ಲಿ ಜಪಾನಿನವರು ಮ್ಯಾಗ್ನೀಷಿಯಾಕ್ಕೆ ಗ್ರಾಫೈಟನ್ನು ಸೇರಿಸಿದ ಇಟ್ಟಿಗೆಯನ್ನು ಬಳಕೆಗೆ ತಂದರು. ಗ್ರಾಫೈಟಿಗೆ ಕಿಟ್ಟವು ಅಂಟುವುದಿಲ್ಲ, ಏರಿಳಿತಕ್ಕೆ ಅದು ಬಿರಿಯುವುದೂ ಇಲ್ಲ. ಕಿಟ್ಟಕ್ಕೆ ಮುಂಚಿತವಾಗಿಯೇ ಸುಟ್ಟ ಡೋಲೊಮೈಟನ್ನು ಉಣಿಸಿಬಿಟ್ಟರೆ ಅದರ ಹಸಿವು ತೀರಿ ಗೋಡೆಯನ್ನು ತಿನ್ನುವುದು ಕಡಮೆಯಾಗುವುದೆಂಬ ಯುಕ್ತಿಯೂ ಬಳಕೆಗೆ ಬಂದಿತು. 1990ರ ದಶಕದಲ್ಲಿ ಅಮೆರಿಕದವರು, ಉಕ್ಕನ್ನು ಸುರಿದಾದ ಮೇಲೆ ಉಳಿದ ಕಿಟ್ಟವನ್ನು ಸಾರಜನಕದ ರಭಸದಿಂದ ಗೋಡೆಗೆ ಎರಚಿ, ತಿನ್ನುವ ಶತ್ರುವನ್ನೇ ಕಾಯುವ ಲೇಪವನ್ನಾಗಿ ಮಾಡಿಕೊಂಡರು. ಸೆಗಣಿ ಸಾರಿಸಿ ಮಣ್ಣಿನ ನೆಲವನ್ನು ಕಾಪಾಡುವ ಗೃಹಿಣಿಯ ಬುದ್ಧಿಯೇ ಇದು. ಪರಿಣಾಮವೇನೆಂದರೆ, ನೂರುಗಳಲ್ಲಿದ್ದ ಬಾಳಿಕೆಯು ಹತ್ತು ಸಾವಿರವನ್ನು ದಾಟಿತು. ಐದಾರು ವರ್ಷಕ್ಕೆ ಕೆಡುತ್ತಿದ್ದ ಊದುಕುಲುಮೆಗಳು ಇಂಗಾಲದ ದಿಮ್ಮಿಗಳ ತಳವನ್ನೂ ಒಳ್ಳೆಯ ತಂಪುವ್ಯವಸ್ಥೆಯನ್ನೂ ಪಡೆದು ಹದಿನೈದು ಇಪ್ಪತ್ತು ವರ್ಷ ಬಾಳುತ್ತಿವೆ. ಈ ಗೆಲುವಿನಲ್ಲಿ ಇಟ್ಟಿಗೆಯ ಪಾಲು ಅರ್ಧವಾದರೆ, ದಿನದಿನವೂ ಗೋಡೆಯ ದಪ್ಪವನ್ನು ಅಳೆದು, ಸವೆದಲ್ಲಿಗೆ ಆ ದಿನವೇ ತೇಪೆ ಹಾಕುವ ಶಿಸ್ತಿನ ಪಾಲು ಇನ್ನರ್ಧ.

ಈ ಬುದ್ಧಿಯು ಪರದೇಶದಿಂದಲೇ ಬರಬೇಕೆಂದೇನೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ನಮ್ಮ ಪೂರ್ವಿಕರು ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದುದಕ್ಕೆ ಒಡೆದ ಮೂಸೆಗಳ ರಾಶಿಯೇ ಸಾಕ್ಷಿಯಾಗಿದೆ. ಆ ಮೂಸೆಗಳ ಮಣ್ಣಿನಲ್ಲಿ ಭತ್ತದ ಹೊಟ್ಟನ್ನು ಕಲಸಿದ್ದರೆಂಬುದನ್ನು ವಿದ್ವಾಂಸರು ಪರೀಕ್ಷೆಯಿಂದ ಕಂಡುಕೊಂಡಿದ್ದಾರೆ. ಹೊಟ್ಟು ಉರಿದು ಉಳಿಸುವ ಇಂಗಾಲವೂ ಸಿಲಿಕಾವೂ ಮೂಸೆಯನ್ನು ಒಡೆಯದಂತೆ ಹಿಡಿದಿಡುತ್ತಿದ್ದವು. ಇಪ್ಪತ್ತನೆಯ ಶತಮಾನವು ಗ್ರಾಫೈಟಿನಿಂದ ಸಾಧಿಸಿದುದರ ಬೀಜವು ಕನ್ನಡ ನಾಡಿನ ಕಮ್ಮಾರನ ಕೈಯಲ್ಲಿತ್ತು. ಬೀಜವಿದ್ದವರು ಬೆಳೆಯನ್ನೇಕೆ ತೆಗೆಯಲಿಲ್ಲವೆಂಬುದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಾಮಗ್ರಿಯ ವಿಷಯದಲ್ಲಿಯೂ ನಾವು ಕೇವಲ ಬಡವರಲ್ಲ. ಮೈಸೂರು ಜಿಲ್ಲೆಯ ದೊಡ್ಡಕನ್ಯೆಯ ಸುತ್ತಿನಲ್ಲಿ ಮ್ಯಾಗ್ನಸೈಟ್, ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್, ಹಳೆಯ ಮೈಸೂರಿನ ಹಲವೆಡೆ ಕಯನೈಟ್, ನೆರೆಯ ತಮಿಳುನಾಡಿನ ಸೇಲಮಿನಲ್ಲಿ ಹೆಸರಾಂತ ಮ್ಯಾಗ್ನಸೈಟ್ ಬೆಟ್ಟಗಳು, ಇವೆಲ್ಲವೂ ಭೂಗರ್ಭ ಇಲಾಖೆಯವರಿಗೆ ಬಹುಕಾಲದಿಂದ ತಿಳಿದವುಗಳೇ. ನಮ್ಮ ಕಡೆಯ ಮ್ಯಾಗ್ನಸೈಟಿನಲ್ಲಿ ಸಿಲಿಕಾದ ಕಲಬೆರಕೆ ಹೆಚ್ಚೆಂಬುದನ್ನು ಬಚ್ಚಿಡಬೇಕಾದುದಿಲ್ಲ. ಉತ್ತಮ ದರ್ಜೆಯ ಇಟ್ಟಿಗೆಗಾಗಿ ಅದನ್ನು ಶುದ್ಧಿಮಾಡುವ ಕೆಲಸ ಆಗಬೇಕಾಗಿದೆ. ಆ ಶ್ರಮವನ್ನು ಬಿಟ್ಟು ನಮ್ಮ ದೇಶವು ಚೀನದ ಮ್ಯಾಗ್ನೀಷಿಯಾವನ್ನು ನೆಚ್ಚಿಕೊಂಡಿತು. 2017ರಲ್ಲಿ ಚೀನದ ಸರ್ಕಾರವು ಪರಿಸರದ ಕಾರಣದಿಂದ ಅಲ್ಲಿಯ ಗೂಡುಗಳನ್ನು ಬಿಗಿಹಿಡಿದಾಗ ಬೆಲೆಯು ಹಾರಿ, ಇಲ್ಲಿಯ ಉಕ್ಕಿನವರು ತತ್ತರಿಸಿದರು. 2023ರಲ್ಲಿ ದಾಲ್ಮಿಯಾದವರ ಅಗ್ನಿಸಹ ಇಟ್ಟಿಗೆಯ ಉದ್ಯಮವು ಆಸ್ಟ್ರಿಯಾ ಮೂಲದ ಆರ್.ಹೆಚ್.ಐ. ಮ್ಯಾಗ್ನಸೀಟಾ ಸಂಸ್ಥೆಯ ಭಾರತ ಶಾಖೆಯ ಕೈ ಸೇರಿತು. ಪರದೇಶದವರ ಕುಶಲತೆಯಿಂದ ಕಲಿಯುವುದರಲ್ಲಿ ದೋಷವಿಲ್ಲ. ಉಕ್ಕಿನಲ್ಲಿ ಸ್ವಾವಲಂಬಿಗಳೆಂದು ಹೇಳಿಕೊಳ್ಳುತ್ತ, ಉಕ್ಕನ್ನು ಹಿಡಿದಿಡುವ ಗೋಡೆಗೆ ಮಾತ್ರ ಇನ್ನೊಬ್ಬರ ಹಡಗನ್ನು ಕಾಯುತ್ತ ಕುಳಿತಿರುವುದರಲ್ಲಿ ದೋಷವಿದೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಹಣವಿದ್ದರೆ ಇಟ್ಟಿಗೆಯನ್ನು ಯಾವಾಗ ಬೇಕಾದರೂ ಕೊಳ್ಳಬಹುದಲ್ಲವೇ ಎಂಬುದು ಮೊದಲನೆಯದು. ಇಟ್ಟಿಗೆಯನ್ನು ಕೊಳ್ಳಬಹುದು, ಕಟ್ಟುವ ಕೈಯನ್ನು ಕೊಳ್ಳಲಾಗದು. ಕೂದಲೆಳೆಯಷ್ಟು ಸಂದು ಬಿಡದೆ ಜೋಡಿಸುವುದು, ಹಿಗ್ಗುವುದಕ್ಕೆ ಎಲ್ಲಿ ಎಷ್ಟು ಎಡೆಬಿಡಬೇಕೆಂದು ತಿಳಿದಿರುವುದು, ಉರಿಯ ಬಣ್ಣವನ್ನು ಕಂಡೇ ಗೋಡೆಯ ಆರೋಗ್ಯವನ್ನು ಹೇಳುವುದು, ಇವು ಒಂದು ತಲೆಮಾರಿನವರು ಮುಂದಿನವರಿಗೆ ಪಕ್ಕದಲ್ಲಿ ನಿಂತು ಕಲಿಸುವ ವಿದ್ಯೆಗಳು. ಕುಲುಮೆ ನಿಂತರೆ ಇವರು ಚದುರುತ್ತಾರೆ, ಹಿರಿಯರು ನಿವೃತ್ತರಾಗುತ್ತಾರೆ, ಗುತ್ತಿಗೆಯ ಕೆಲಸಗಾರರು ಹೊಟ್ಟೆಪಾಡಿಗೆ ಬೇರೆ ಊರನ್ನು ಹುಡುಕುತ್ತಾರೆ. ಇಟ್ಟಿಗೆಯ ಬಿರುಕನ್ನು ಮುಚ್ಚಬಹುದಾದರೂ ಈ ಬಿರುಕನ್ನು ಮುಚ್ಚುವ ಗಾರೆಯು ಯಾವ ಅಂಗಡಿಯಲ್ಲಿಯೂ ದೊರೆಯದು.

ತೋರಣಗಲ್ಲಿನಂತಹ ದೇಶದ ಅತಿ ದೊಡ್ಡ ಕಾರ್ಖಾನೆಗಳು ನಡೆಯುತ್ತಿರುವಾಗ ಭದ್ರಾವತಿಯ ಚಿಕ್ಕ ಕುಲುಮೆಯು ಏಕೆ ಬೇಕೆಂಬುದು ಎರಡನೆಯ ಆಕ್ಷೇಪಣೆ. ತೂಕದಲ್ಲಿ ಸ್ಪರ್ಧಿಸುವುದು ಭದ್ರಾವತಿಗೆ ಸಾಧ್ಯವಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಕಾರ್ಖಾನೆಯ ಹೆಸರು ನಿಂತಿರುವುದು ಮಿಶ್ರಲೋಹದ ಮತ್ತು ವಿಶೇಷ ಗುಣದ ಉಕ್ಕುಗಳ ಮೇಲೆ. ಅಂತಹ ಉಕ್ಕಿನಲ್ಲಿಯೇ ಒಳಗೋಡೆಯ ಮಹತ್ತ್ವವು ಅತ್ಯಧಿಕ. ಗೋಡೆಯಿಂದ ಕಳಚಿದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರೊಂದು ಉಕ್ಕಿನೊಳಗೆ ಸಿಕ್ಕಿಕೊಂಡರೆ, ಮುಂದೊಂದು ದಿನ ರೈಲುಗಾಡಿಯ ಅಚ್ಚು ಅಲ್ಲಿಂದಲೇ ಸೀಳತೊಡಗುತ್ತದೆ. ಕೆಲವೇ ಟನ್ನುಗಳ ಶುದ್ಧವಾದ ಉಕ್ಕನ್ನು ಮಾಡುವ ಚಿಕ್ಕ ಕುಲುಮೆಯು ಹೊಸ ಬಗೆಯ ಇಟ್ಟಿಗೆಗಳನ್ನು ಪರೀಕ್ಷಿಸುವುದಕ್ಕೂ ತಕ್ಕ ಸ್ಥಳ. ದೊಡ್ಡ ಕುಲುಮೆಯಲ್ಲಿ ಅಂತಹ ಪ್ರಯೋಗಕ್ಕೆ ಯಾರೂ ಧೈರ್ಯಮಾಡುವುದಿಲ್ಲ.

ಈ ಕಾರಣಗಳಿಂದ ನಾವು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಮುಂದೆ ಕೆಲವು ಬೇಡಿಕೆಗಳನ್ನಿಡುತ್ತೇವೆ. ಭದ್ರಾವತಿಯ ಪ್ರತಿಯೊಂದು ಕುಲುಮೆಯ ಒಳಗೋಡೆಯನ್ನೂ ಬಲ್ಲವರಿಂದ ಪರೀಕ್ಷಿಸಿ, ಯಾವುದು ಉಳಿದಿದೆ, ಯಾವುದು ಕೆಟ್ಟಿದೆ, ಸರಿಪಡಿಸಲು ಏನು ತಗಲುತ್ತದೆ ಎಂಬ ವರದಿಯನ್ನು ಮಹಾಜನಗಳ ತಿಳಿವಳಿಕೆಗಾಗಿ ಪ್ರಕಟಿಸತಕ್ಕದ್ದು. ಕುಲುಮೆಯನ್ನು ಹೊತ್ತಿಸುವುದಾದರೆ, ಒಂದು ಗೋಡೆಯ ಪೂರ್ಣ ಆಯುಸ್ಸಿಗೆ ಸಾಲುವ ಅದಿರನ್ನೂ ಹಣವನ್ನೂ ಮುಂಚಿತವಾಗಿ ಗೊತ್ತುಪಡಿಸಿಯೇ ಹೊತ್ತಿಸತಕ್ಕದ್ದು. ಚುನಾವಣೆಗೊಮ್ಮೆ ಹೊತ್ತಿಸಿ ಮರುವರ್ಷ ಆರಿಸುವುದಕ್ಕಿಂತ ಹೊತ್ತಿಸದಿರುವುದೇ ಲೇಸು. ನಿಲ್ಲಿಸಿಡುವ ಕಾಲದಲ್ಲಿ ಕುಲುಮೆಗಳನ್ನೂ ಉಗ್ರಾಣದ ಇಟ್ಟಿಗೆಯನ್ನೂ ಮಳೆಯ ತೇವದಿಂದ ಕಾಪಾಡುವ ಏರ್ಪಾಡು ಇರಬೇಕು. ಒಳಗೋಡೆ ಕಟ್ಟುವ ಅನುಭವಿಗಳನ್ನು ಖಾಯಂ ಮಾಡಿ, ಅವರ ಕೈಕೆಳಗೆ ನಮ್ಮ ಜಿಲ್ಲೆಯ ಕೈಗಾರಿಕಾ ತರಬೇತಿ ಶಾಲೆಗಳ ತರುಣರನ್ನು ಕಲಿಯಲು ಬಿಡಬೇಕು. ದೊಡ್ಡಕನ್ಯೆ, ಬೈರಾಪುರಗಳ ಖನಿಜಗಳನ್ನು ಶುದ್ಧಿಮಾಡಿ ಇಟ್ಟಿಗೆಯಾಗಿಸುವ ಪ್ರಯೋಗವನ್ನು ಭದ್ರಾವತಿಯಲ್ಲಿಯೇ ನಡೆಸಬೇಕು. ಕಿತ್ತು ತೆಗೆದ ಹಳೆಯ ಇಟ್ಟಿಗೆಯನ್ನು ಭದ್ರಾನದಿಯ ದಡದಲ್ಲಿ ಸುರಿಯದೆ ವಿಂಗಡಿಸಿ ಮತ್ತೆ ಬಳಸಿಕೊಂಡರೆ, ಹಣವೂ ಉಳಿಯುವುದು, ನೀರೂ ಶುದ್ಧವಾಗಿರುವುದು.

1923ರಿಂದ 1929ರ ವರೆಗೆ ಆ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು, ನಷ್ಟದ ಕೂಪದಿಂದ ಅದನ್ನು ಮೇಲಕ್ಕೆತ್ತಿದ ಸರ್. ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅದಕ್ಕಿಟ್ಟು ಗೌರವಿಸಿದ್ದೇವೆ. ಅವರ ಶಿಸ್ತನ್ನು ಇಡಲು ಮರೆತಿದ್ದೇವೆ. ಮುಚ್ಚುವುದೋ ನಡೆಸುವುದೋ ಎಂಬುದನ್ನು ಸರ್ಕಾರದವರು ಒಮ್ಮೆ ನಿಶ್ಚಯಿಸಲಿ. ನಡೆಸುವುದೆಂದೇ ನಿಶ್ಚಯಿಸಲಿ ಎಂಬುದು ನಮ್ಮ ಪ್ರಾರ್ಥನೆ. ಆದರೆ ನಿಶ್ಚಯವಿಲ್ಲದೆ ದಿನ ತಳ್ಳುವ ನೀತಿಯು ಮಿತವ್ಯಯವೆಂಬ ಹೆಸರಿಗೆ ಅರ್ಹವಲ್ಲ. ಅಧಿಕಾರಿಗಳು ಕಡತವನ್ನು ಮುಂದಿನ ತಿಂಗಳಿಗೆ ಕಟ್ಟಿಡಬಹುದು. ತಣ್ಣಗಾದ ಕುಲುಮೆಯೊಳಗಿನ ಸುಣ್ಣವು ಮುಂದಿನ ಮಳೆಗಾಲವನ್ನು ಯಾರ ಅಪ್ಪಣೆಗೂ ಕಾಯುವುದಿಲ್ಲ.